ಗಾಬರಿಗೆ ಕೊಟ್ಟದ್ದು ಫಿಟ್ಸ್ ಮಾತ್ರೆಯಾ?

ಮಲ್ಪೆಯ ಮಗಳು

ಅಮ್ಮನಿಗೆ ಇದ್ದಕ್ಕಿದ್ದಂತೆ ಎದೆ ಢವಢವ, ಕೈಕಾಲು ತಣ್ಣಗೆ, ಈಗಲೇ ಸಾಯುತ್ತೇನೆ ಎನ್ನುವ ಹೆದರಿಕೆ. ಇಸಿಜಿ ಸರಿಯಿತ್ತು. ಪ್ಯಾನಿಕ್ ಎಂದು ಡಾಕ್ಟರು ಎಸ್ಸಿಟಾಲೊಪ್ರಾಮ್ ಜೊತೆ ರಾತ್ರಿಗೆ ಕ್ಲೋನಜೆಪಾಮ್ ಬರೆದರು. ಮಳೆಗಾಲ ಶುರುವಾದಾಗಿನಿಂದ ತೆಗೆದುಕೊಳ್ಳುತ್ತಿದ್ದಾರೆ, ಈಗ ಎಷ್ಟೋ ಆರಾಮ. ನಿನ್ನೆ ಪಕ್ಕದ ಮನೆಯವರು ಚೀಟಿ ನೋಡಿ "ಈ ಕ್ಲೋನಜೆಪಾಮ್ ಫಿಟ್ಸಿನ ಮಾತ್ರೆ ಅಲ್ವಾ?" ಅಂದರು. ಇನ್ನು ಮುಟ್ಟುವುದೇ ಇಲ್ಲ ಎಂದು ಅಮ್ಮನ ಹಠ. ಬಿಟ್ಟರೆ ಏನಾದರೂ ಆಗುತ್ತದಾ?

ಕಂಕನಾಡಿ ಫಾರ್ಮಸಿಸ್ಟ್

ಒಮ್ಮೆಲೇ ಬಿಡಬೇಡಿ ಮಾರಾಯ್ರೆ, ಮೊದಲು ಅದನ್ನು ಹೇಳಿಬಿಡುತ್ತೇನೆ. ದಿನಾ ತಿಂದು ಅಭ್ಯಾಸವಾದ ಮೇಲೆ ತಟ್ಟನೆ ನಿಲ್ಲಿಸಿದರೆ ನಿದ್ದೆ ಹಾರುತ್ತದೆ, ಕೈ ನಡುಗುತ್ತದೆ, ಗಾಬರಿ ಜಾಸ್ತಿಯಾಗುತ್ತದೆ. ಹಿಂದೆ ಫಿಟ್ಸ್ ಬಾರದವರಿಗೂ ಬರಬಹುದು. ಡಾಕ್ಟರೇ ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು.

ಪಕ್ಕದ ಮನೆಯವರು ಹೇಳಿದ್ದು ಸುಳ್ಳಲ್ಲ. ಅಮೆರಿಕದಲ್ಲಿ 1975ರಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿದ್ದು ಫಿಟ್ಸ್‌ಗೆ. ಪ್ಯಾನಿಕ್‌ಗೆ ಸಿಕ್ಕಿದ್ದು 1997ರಲ್ಲಿ. ನಮ್ಮ ಮಿದುಳಲ್ಲಿ ಗಾಬಾ ಎಂಬ ರಾಸಾಯನಿಕ ಇದೆ. ನರಕೋಶಗಳ ಅಬ್ಬರ ತಗ್ಗಿಸುವುದು ಅದರ ಕೆಲಸ. ಈ ಮಾತ್ರೆ ಅದಕ್ಕೆ ಬಲ ಕೊಡುತ್ತದೆ. ಅದಕ್ಕೇ ಎರಡು ಕಾಯಿಲೆಗೂ ಆಗುತ್ತದೆ. ಎಸ್ಸಿಟಾಲೊಪ್ರಾಮ್ ಕೆಲಸ ಶುರು ಮಾಡಲು ಕೆಲವು ವಾರ ಬೇಕು. ಅಲ್ಲಿವರೆಗೆ ತಡೆದುಕೊಳ್ಳಲಿ ಎಂದು ಇದನ್ನು ಜೊತೆಗೆ ಬರೆಯುತ್ತಾರೆ. ಎಷ್ಟು ದಿನ ಬೇಕು, ಯಾವಾಗಿನಿಂದ ಇಳಿಸುವುದು ಎಂದು ಕೇಳಿಯೇ ಬನ್ನಿ. ಹಳೇ ಚೀಟಿಯಲ್ಲೇ ವರ್ಷಗಟ್ಟಲೆ ತೆಗೆದುಕೊಳ್ಳುವವರನ್ನು ಕೌಂಟರ್‌ನಲ್ಲಿ ನೋಡುತ್ತೇನೆ, ಸಂಕಟವಾಗುತ್ತದೆ.

ಬ್ರಹ್ಮಾವರದ ಅಕ್ಕ

ನನ್ನ ಮಗನಿಗೆ ಫಿಟ್ಸ್ ಇದೆ. ದಿನಾ ಲೆವೆಟಿರಾಸಿಟಮ್, ಜ್ವರ ಬಂದಾಗ ಮಾತ್ರ ಕೆಲವು ದಿನ ಕ್ಲೋಬಜಾಮ್. ಕ್ಲೋಬಜಾಮ್ ಕೂಡ ನಿಮ್ಮಮ್ಮನ ಕ್ಲೋನಜೆಪಾಮ್ ಜಾತಿಯದೇ ಮದ್ದು. ಅಮ್ಮನಿಗೆ ಹೇಳಿ, ಫಿಟ್ಸ್ ಮದ್ದು ತಿಂದರೆ ಫಿಟ್ಸ್ ಅಂಟುವುದಿಲ್ಲ. ಫಿಟ್ಸ್ ಇದ್ದರೂ ಅದು ನಾಚಿಕೆಯ ವಿಷಯ ಅಲ್ಲವೇ ಅಲ್ಲ. ನನ್ನ ಮಗ ಶಾಲೆಗೆ ಹೋಗುತ್ತಾನೆ, ಚೆಂಡೆ ಕಲಿಯುತ್ತಾನೆ.

ಒಂದು ಹುಷಾರಿ. ಕ್ಲೋಬಜಾಮ್ ತಗೊಂಡ ಮರುದಿನ ಅವನಿಗೆ ಮಂಪರು, ನಡಿಗೆ ತೂರಾಡುತ್ತದೆ. ನಿಮ್ಮಮ್ಮ ಬೆಳಿಗ್ಗೆ ಎದ್ದ ಕೂಡಲೇ ಪಾಚಿ ಕಟ್ಟಿದ ಅಂಗಳಕ್ಕೆ, ಬಾವಿಕಟ್ಟೆಗೆ ಹೋಗುವುದು ಬೇಡ.

ಮಲ್ಪೆಯ ಮಗಳು

ಓದಿ ಹೇಳಿದೆ. ಚೆಂಡೆಯ ಮಾತಿಗೆ ಅಮ್ಮನ ಮುಖ ಸಡಿಲಾಯಿತು. ರಾತ್ರಿ ಮಾತ್ರೆ ತಗೊಂಡರು. ಕೆಮ್ಮಿಗೆ ಸಿರಪ್ ಕುಡಿಯುತ್ತಿದ್ದಾರೆ, ಪರವಾಗಿಲ್ವಾ?

ಕಂಕನಾಡಿ ಫಾರ್ಮಸಿಸ್ಟ್

ಅದರಲ್ಲಿ ಕೋಡೀನ್ ಇದ್ದರೆ ಬೇಡ, ಎರಡೂ ಸೇರಿ ಉಸಿರಾಟ ನಿಧಾನವಾಗಬಹುದು. ಬೇರೆ ಕೆಲವು ಸಿರಪ್‌ಗಳೂ ಮಂಪರು ಹೆಚ್ಚಿಸುತ್ತವೆ. ಮುಂದಿನ ಡೋಸ್‌ಗೆ ಮುಂಚೆ ಬಾಟಲಿಯ ಹೆಸರು ಡಾಕ್ಟರಿಗೆ ಹೇಳಿ ಕೇಳಿ.