ಪದ ಬೇಕು: ವೈಡ್ ಆಂಗಲ್ ಫೋಟೋದಲ್ಲಿ ಗೆರೆ ಬಾಗುವುದಕ್ಕೆ

ಎಲ್ಲರಿಗೂ ನಮಸ್ಕಾರ. ಫೋಟೋ ತಿದ್ದುವ ತಂತ್ರಾಂಶವೊಂದರ ಮೆನುವನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆಯೊಳಗೆ ಫೈಲ್ ಕೊಡಬೇಕು. ‘ಲೆನ್ಸ್ ಡಿಸ್ಟಾರ್ಶನ್ ಕರೆಕ್ಷನ್’ಗೆ ಏನು ಹಾಕಲಿ? ಹಳೆಯ ಫೈಲಿನಲ್ಲಿ ‘ಮಸೂರ ವಿರೂಪ ಪರಿಹಾರ’ ಎಂದಿದೆ. ಅದನ್ನು ಓದಿದವರಿಗೆ ಬಟನ್ ಏನು ಮಾಡುತ್ತದೆ ಎಂದು ತಿಳಿಯುವುದಿಲ್ಲ.

ಕ್ಯಾಮೆರಾ ಜೊತೆಗೇ ಬರುವ 18-55 ಮಿ.ಮೀ. ಕಿಟ್ ಲೆನ್ಸನ್ನು ಅತಿ ಅಗಲ ಕಾಣುವ 18ಕ್ಕೆ ಇಟ್ಟು ಕಟ್ಟಡ ತೆಗೆದರೆ ಅಂಚಿನ ಕಂಬ ಹೊರಕ್ಕೆ ಬಾಗುತ್ತದಲ್ಲ, ಅದನ್ನು ನೆಟ್ಟಗೆ ಮಾಡುವ ಕೆಲಸ ಇದು. ಹೊರಕ್ಕೆ ಉಬ್ಬಿದರೆ ಇಂಗ್ಲಿಷಿನಲ್ಲಿ ಪೀಪಾಯಿಯ ಹೆಸರು, ಒಳಕ್ಕೆ ಬಾಗಿದರೆ ಸೂಜಿ ಚುಚ್ಚಿಡುವ ದಿಂಬಿನ ಹೆಸರು. ಆ ಎರಡಕ್ಕೂ ಪದ ಬೇಕು. ಚಿಕ್ಕದಾಗಿರಲಿ, ಮೆನುವಿನಲ್ಲಿ ಜಾಗ ಕಡಿಮೆ.

*

ಮೊದಲು ಮಸೂರ ಬಿಡಿ. ಸಂಸ್ಕೃತದಲ್ಲಿ ಮಸೂರ ಅಂದರೆ ನಮ್ಮ ಚನ್ನಂಗಿ ಕಾಳು. ಲ್ಯಾಟಿನ್ನಿನಲ್ಲಿ ಲೆನ್ಸ್ ಅಂದರೂ ಅದೇ ಕಾಳು. ಗಾಜಿನ ಆಕಾರ ನೋಡಿ ಅವರು ಹೆಸರಿಟ್ಟರು. ನಾವು ಆ ಕಾಳನ್ನೇ ಸಂಸ್ಕೃತದಿಂದ ತಂದು ಪಠ್ಯಪುಸ್ತಕಕ್ಕೆ ಹಾಕಿಕೊಂಡೆವು. ಅರ್ಥವೂ ಸಾಲ, ಪದವೂ ಸಾಲ.

ವಿರೂಪ ಬೇಡವೇ ಬೇಡ, ಅದು ಕುರೂಪದ ಮಾತು. ಡೊಂಕು ಇದೆ, ತಿದ್ದು ಇದೆ. 12ನೇ ಶತಮಾನದಲ್ಲೇ ಬಸವಣ್ಣನವರು ಎರಡನ್ನೂ ಜೊತೆಗಿಟ್ಟು ಬಳಸಿದ್ದಾರೆ. ‘ಡೊಂಕು ತಿದ್ದು’ ಎಂದು ಹಾಕಿ. ಪೀಪಾಯಿಯೂ ಬೇಡ, ಅದು ಪೋರ್ಚುಗೀಸರದು. ಚರ್ಚೆ ಬೇಕಿಲ್ಲ.

*

> ಚರ್ಚೆ ಬೇಕಿಲ್ಲ.

ಬೇಕು ಸಾರ್. ಅದೇ ಮೆನುವಿನಲ್ಲಿ ಪರ್ಸ್ಪೆಕ್ಟಿವ್ ತಿದ್ದುವ ಬಟನ್ನೂ ಇರುತ್ತದೆ. ಅದಕ್ಕೇನು ಹೇಳುತ್ತೀರಿ? ಅದೂ ಡೊಂಕೇ?

ಗೋಳಗುಮ್ಮಟದ ಎದುರು ನಿಂತು ಕ್ಯಾಮೆರಾ ಮೇಲಕ್ಕೆತ್ತಿ ಹಿಡಿಯಿರಿ. ಮೂಲೆಯ ಗೋಪುರಗಳು ಮೇಲೆ ಹೋದಂತೆಲ್ಲ ಒಂದರ ಕಡೆಗೊಂದು ವಾಲುತ್ತವೆ. ಗೆರೆ ಮಾತ್ರ ನೆಟ್ಟಗೇ ಇರುತ್ತದೆ. ತಪ್ಪು ಲೆನ್ಸಿನದಲ್ಲ, ಕ್ಯಾಮೆರಾ ಎತ್ತಿದ್ದರಿಂದ ಹಾಗಾಯಿತು. ಲೆನ್ಸಿನ ದೋಷದಲ್ಲಿ ಗೆರೆಯೇ ಬಿಲ್ಲಿನಂತೆ ಬಾಗುತ್ತದೆ. ಚಿತ್ರದ ನಟ್ಟನಡುವೆ ಹಾಯುವ ಗೆರೆ ಬಾಗುವುದಿಲ್ಲ, ಅಂಚಿಗೆ ಹೋದಷ್ಟೂ ಬಾಗು ಜಾಸ್ತಿ. ಎರಡಕ್ಕೂ ಒಂದೇ ಪದ ಕೊಟ್ಟರೆ ಜನ ತಪ್ಪು ಸ್ಲೈಡರ್ ಎಳೆದು ಒಳ್ಳೆಯ ಫೋಟೋ ಕೆಡಿಸುತ್ತಾರೆ. ಒಂದಕ್ಕೆ ‘ಬಾಗು’, ಇನ್ನೊಂದಕ್ಕೆ ‘ವಾಲು’. ಪೀಪಾಯಿ, ದಿಂಬು ಯಾವುದೂ ಬೇಕಿಲ್ಲ. ‘ಹೊರಬಾಗು’, ‘ಒಳಬಾಗು’ ಸಾಕು.

ಲೆನ್ಸ್ ಹಾಗೇ ಇರಲಿ. ಡಾರ್ಕ್‌ಟೇಬಲ್‌ನಂಥ ತಂತ್ರಾಂಶ ಫೋಟೋ ಫೈಲಿನಲ್ಲಿ ದಾಖಲಾದ ಲೆನ್ಸಿನ ಹೆಸರನ್ನು, ಯಾವ ಲೆನ್ಸ್ ಎಷ್ಟು ಬಾಗಿಸುತ್ತದೆ ಎಂಬ ಲೆಕ್ಕವಿರುವ ಲೆನ್ಸ್‌ಫನ್ ಪಟ್ಟಿಯಲ್ಲಿ ಹುಡುಕಿ ತಾನೇ ತಿದ್ದುತ್ತದೆ. ಮದುವೆ ಫೋಟೋ ತೆಗೆಯುವ ಹುಡುಗ ಲೆನ್ಸ್ ಅನ್ನುತ್ತಾನೆ. ಈ ಮೆನು ಅವನಿಗೆ, ನಮಗಲ್ಲ.

*

ಇವತ್ತು ಲೆನ್ಸ್ ಇರಲಿ ಅನ್ನುವವರು ನಾಳೆ ಕರೆಕ್ಷನ್ನೂ ಇರಲಿ ಅನ್ನುತ್ತಾರೆ. ಹೀಗೇ ಬಿಟ್ಟುಕೊಟ್ಟು ಮೆನು ತುಂಬ ಕನ್ನಡ ಲಿಪಿಯ ಇಂಗ್ಲಿಷ್ ಉಳಿದಿದೆ. ಕನ್ನಡಕ ಎಂಬ ಪದ ಕಟ್ಟಿದ ಜನ ನಾವು. ‘ಗಾಜುಗಣ್ಣು’ ಯಾಕಾಗಬಾರದು? ಬಾಗು, ವಾಲು ಎರಡನ್ನೂ ಒಪ್ಪಿದೆ. ಲೆನ್ಸ್ ಒಪ್ಪುವುದಿಲ್ಲ.

*

ಗಾಜು ಬಂದದ್ದು ಸಂಸ್ಕೃತದ ಕಾಚದಿಂದ. ಮೇಸ್ತ್ರಿ, ಚಾವಿ ಪೋರ್ಚುಗೀಸರಿಂದ. ಇವನ್ನೆಲ್ಲ ಬಿಟ್ಟು ಮಾತಾಡಲು ಆಗುವುದಿಲ್ಲ, ಬಿಡಬೇಕಾಗಿಯೂ ಇಲ್ಲ. ಸಾಲದ ಹೆಸರಪದ ಕನ್ನಡವನ್ನು ಕೆಡಿಸಿಲ್ಲ. ಬಾಗು, ವಾಲು, ತಿದ್ದು ಅನ್ನುವಂಥ ಕೆಲಸದ ಪದಗಳನ್ನು ಮರೆತರೆ ಮಾತ್ರ ಕೆಡುತ್ತದೆ.

*

ಎಲ್ಲರಿಗೂ ಧನ್ಯವಾದ. ‘ಲೆನ್ಸ್ ಬಾಗು ತಿದ್ದು’, ‘ವಾಲು ತಿದ್ದು’, ‘ಹೊರಬಾಗು’, ‘ಒಳಬಾಗು’ ಎಂದು ಹಾಕಿದೆ. ಗಾಜುಗಣ್ಣು ಹಾಕಿಲ್ಲ, ಬೇಸರ ಮಾಡಿಕೊಳ್ಳಬೇಡಿ ಸಾರ್.

ಇನ್ನೊಂದು ಉಳಿದಿದೆ. ಕೆಲವು ಲೆನ್ಸಿನಲ್ಲಿ ಗೆರೆ ನಡುವೆ ಹೊರಕ್ಕೆ ಉಬ್ಬಿ, ಎರಡೂ ತುದಿಯಲ್ಲಿ ತಿರುಗಿಕೊಳ್ಳುತ್ತದೆ. ಇಂಗ್ಲಿಷಿನವರು ಮೀಸೆ ಅನ್ನುತ್ತಾರೆ. ಹೊರಬಾಗು ತಿದ್ದಲು ಹೋದರೆ ತುದಿ ಇನ್ನೂ ಕೆಡುತ್ತದೆ, ಹಾಗಾಗಿ ಬೇರೆ ಹೆಸರೇ ಬೇಕು. ಸದ್ಯಕ್ಕೆ ‘ಅಲೆಬಾಗು’ ಎಂದಿಟ್ಟಿದ್ದೇನೆ. ಇದಕ್ಕಿಂತ ಒಳ್ಳೆಯದಿದ್ದರೆ ಮಧ್ಯಾಹ್ನದೊಳಗೆ ಹೇಳಿ.