ಪರ್ಸ್ಪೆಕ್ಟಿವ್‌ಗೆ ಏನನ್ನೋಣ?

ಬಲ್ಲವರಿಗೆ ನಮಸ್ಕಾರ. 17ನೇ ಶತಮಾನದ ರೋಮ್ ನಗರದ ಎಚ್ಚಿಂಗ್ ಚಿತ್ರಗಳ (ತಾಮ್ರದ ತಗಡಿನಿಂದ ತೆಗೆದ ಅಚ್ಚುಗಳ) ಮೇಲೆ ಒಂದು ಲೇಖನ ಬರೆಯುತ್ತಿದ್ದೇನೆ. 'ಪರ್ಸ್ಪೆಕ್ಟಿವ್', ಅಂದರೆ ದೂರದ್ದು ದೂರವಾಗಿಯೇ ಕಾಣುವಂತೆ ಚಿತ್ರ ಬರೆಯುವ ಕ್ರಮ, ಬಂದಲ್ಲಿ ಗಾಡಿ ನಿಂತಿದೆ.

'ದೃಷ್ಟಿಕೋನ' ಎಂದು ಬರೆದು ಹೊಡೆದುಹಾಕಿದೆ. ಈ ಚಿತ್ರಗಳನ್ನು ಮಾಡಿದವರಲ್ಲಿ ಒಬ್ಬ ಫಾಲ್ಡಾ; 'ಫಾಲ್ಡಾನ ದೃಷ್ಟಿಕೋನ' ಅಂದರೆ ಓದಿದವರು ಅವನ ಅಭಿಪ್ರಾಯ ಎಂದುಕೊಳ್ಳುತ್ತಾರೆ. 'ಪರಿಪ್ರೇಕ್ಷ್ಯ' ವಿಮರ್ಶಕರ ಪಾಲಾಗಿ ಎಷ್ಟೋ ಕಾಲವಾಯಿತು. ಒಳನೋಟ, ಮೇಲ್ನೋಟ, ದೂರದೃಷ್ಟಿ, ನೋಡಿ, ಕಣ್ಣಿನ ಪದಗಳನ್ನೆಲ್ಲ ಬುದ್ಧಿಗೆ ಬರೆದುಕೊಟ್ಟು ಕೂತಿದ್ದೇವೆ. ಈಗ ಕಣ್ಣಿಗೇ ಬೇಕೆಂದರೆ ಒಂದೂ ಸಿಗುತ್ತಿಲ್ಲ.

ಗೆಳೆಯರೊಬ್ಬರು 'ಯಥಾದರ್ಶನ' ಅಂದರು. ನನ್ನ ತಕರಾರು 'ಯಥಾ'ದ ಮೇಲೆ. ಜೊವಾನ್ನಿ ಬತ್ತಿಸ್ತಾ ಫಾಲ್ಡಾ 1665ರಲ್ಲಿ ಹೊರತಂದ ರೋಮಿನ ಕಟ್ಟಡಗಳ ಚಿತ್ರಸಂಪುಟವನ್ನೇ ತೆಗೆದುಕೊಳ್ಳಿ. ಸೂರಿನಂಚು, ಕಿಟಕಿಸಾಲು ಎಲ್ಲ ದೂರದಲ್ಲಿ ಕೂಡುವಂತೆ ಶಿಸ್ತಾಗಿ ಓಡುತ್ತವೆ. ಆದರೆ ನಡುವೆ ಓಡಾಡುವ ಮನುಷ್ಯರು ಇರುವೆಯಷ್ಟು! ಹಾಗಾಗಿ ಚೌಕ ಇದ್ದದ್ದಕ್ಕಿಂತ ಹಿಗ್ಗಿ ಕಾಣುತ್ತದೆ. ಅವನದೇ ಇನ್ನೊಂದು ಚಿತ್ರ ಸೇಂಟ್ ಪೀಟರ್ಸ್ ಚೌಕದ್ದು. ವಾಸ್ತುಶಿಲ್ಪಿ ಬರ್ನಿನಿ ಯೋಜಿಸಿದ್ದ ಕಂಬಸಾಲಿನ ಮೂರನೇ ತೋಳೂ ಅದರಲ್ಲಿದೆ. 1667ರಲ್ಲಿ ಪೋಪ್ ಏಳನೇ ಅಲೆಕ್ಸಾಂಡರ್ ತೀರಿಕೊಂಡರು, ಆ ತೋಳನ್ನು ಯಾರೂ ಕಟ್ಟಲಿಲ್ಲ. ಕಟ್ಟದೇ ಇದ್ದದ್ದನ್ನು ತೋರಿಸುವ ಚಿತ್ರಕ್ಕೆ 'ಕಂಡ ಹಾಗೇ' ಎಂದು ನಾವು ಸಾಕ್ಷಿ ಹಾಕಬೇಕೇ?

ಸದ್ಯಕ್ಕೆ 'ದೂರದ ಲೆಕ್ಕ' ಎಂದು ಬರೆದಿದ್ದೇನೆ: 'ದೂರದ ಲೆಕ್ಕ ಸರಿಯಾಗಿದೆ, ಊರು ಮಾತ್ರ ಹಿಗ್ಗಿದೆ.' ವಾಕ್ಯದೊಳಗೆ ಕೂರುತ್ತದೆ. ತಲೆಬರಹಕ್ಕೆ ತೀರಾ ಸಪ್ಪೆ. ಗೆರೆಗಳೆಲ್ಲ ಹೋಗಿ ಸೇರುವ ಆ ಬಿಂದುವಿಗೂ ಹೆಸರು ಬೇಕು. 'ಲೋಪಬಿಂದು' ಅಂದರೆ ಸಂಧಿಪಾಠ ನೆನಪಾಗುತ್ತದೆ.

ಇನ್ನೊಂದು, ಎಚ್ಚಿಂಗ್. 'ಕೆತ್ತನೆ' ಎಂದರೆ ಉಳಿ ಕಣ್ಣಿಗೆ ಬರುತ್ತದೆ. ಇಲ್ಲಿ ಚಿತ್ರಕಾರ ತಾಮ್ರವನ್ನು ಕೆತ್ತುವುದೇ ಇಲ್ಲ. ತಗಡಿಗೆ ಬಳಿದ ಮೇಣವನ್ನು ಸೂಜಿಯಿಂದ ಗೀರುತ್ತಾನೆ, ಆಮ್ಲಕ್ಕೆ ಹಾಕುತ್ತಾನೆ. ಗೀರಿದ ಕಡೆ ಆಮ್ಲ ತಾಮ್ರವನ್ನು ತಿನ್ನುತ್ತದೆ. ಹೆಚ್ಚು ಹೊತ್ತು ಬಿಟ್ಟರೆ ಗೆರೆ ಆಳ, ಅಚ್ಚಿನಲ್ಲಿ ಕಪ್ಪು ಗಾಢ. ಎಚ್ ಪದದ ಜರ್ಮನ್ ಮೂಲಕ್ಕೂ 'ತಿನ್ನಿಸು' ಎಂದೇ ಅರ್ಥ. ಕಬ್ಬಿಣವನ್ನು ತುಕ್ಕು ತಿಂದಿತು ಎನ್ನುವ ನಮಗೆ ಇದೇನು ಹೊಸದಲ್ಲ. 'ಆಮ್ಲ ತಿಂದ ಗೆರೆ' ಎಂದು ಹಾಕಿದ್ದೇನೆ, ನಾಮಪದ ಹೊಳೆದಿಲ್ಲ. 'ತಿನ್ನಿಸುಚಿತ್ರ' ಅಂದಾಗ ಮನೆಯಲ್ಲಿ ನಕ್ಕರು.

ಅಕ್ಕಸಾಲಿಗರಲ್ಲಿ, ತಾಮ್ರದ ಕೆಲಸದವರಲ್ಲಿ ಇದಕ್ಕೆ ಬಳಕೆಯ ಮಾತು ಕೇಳಿದವರಿದ್ದರೆ ಯಾವ ಊರಿನದು ಎಂಬುದನ್ನೂ ಸೇರಿಸಿ ತಿಳಿಸಿ.