2000 ಫೂಟ್ ಪೈಪ್ ಎಳದೀನಿ, ಹೊಲದಾಗ ನೀರ ಕಮ್ಮಿ ಬೀಳಾಕತ್ತೈತಿ

ಜಮಖಂಡಿ ಕಬ್ಬು:
ನಮಸ್ಕಾರ್ರೀ. ಕೃಷ್ಣಾ ಹೊಳಿ ದಂಡಿಗೆ 5 ಎಚ್‌ಪಿ ಮೋಟರ್ ಐತಿ, ಅಲ್ಲಿಂದ ಹೊಲದ ತನಕ 2000 ಫೂಟ್ ಎರಡಿಂಚಿನ 63 ಎಂಎಂ ಪಿವಿಸಿ ಹುಗದೀನಿ, ಏರು ಒಂದ 40 ಫೂಟ್. ಮೋಟರ್ ಬಾಯಾಗ ಹಿಡದ್ರ 200 ಲೀಟರ್ ಬ್ಯಾರಲ್ 30 ಸೆಕೆಂಡಿಗೆ ತುಂಬತೈತಿ, ಹೊಲದಾಗ ಹಿಡದ್ರ 50. ಎರಡ ದಿನ ಲೈನ್‌ಗುಂಟ ಅಡ್ಡಾಡೀನಿ, ಎಲ್ಲೂ ಹಸಿ ಇಲ್ಲ. ಅಂಗಡ್ಯಾವ 7.5 ಎಚ್‌ಪಿ ಮೋಟರ್ ಹಾಕ್ರಿ ಅಂತಾನ. ಹಾಕ್ಲೋ ಬ್ಯಾಡೋ?

ಮುಧೋಳ ಪೈಪ್‌ಲೈನ್:
ಅಣ್ಣಾ ತಡೀರಿ, ರೊಕ್ಕ ಕಿಸೆದಾಗ ಇರ್ಲಿ. ನೀರ ಸೋರಿಲ್ಲ, ಪೈಪಿನ ಮೈಗೆ ತಿಕ್ಕಿ ತಿಕ್ಕಿ ಪ್ರೆಶರ್ ಹೋಗಾಕತ್ತೈತಿ, ಭಾರ ಬಿದ್ದಂಗ ಪಂಪ್ ಎತ್ತೋದು ಕಮ್ಮಿ ಮಾಡತೈತಿ ಅಷ್ಟ. 50 ಸೆಕೆಂಡಿಗೆ 200 ಅಂದ್ರ ಸೆಕೆಂಡಿಗೆ 4 ಲೀಟರ್. 63 ಅನ್ನೋದು ಹೊರಗಿನ ಅಳತಿ, ಒಳಗ ಟೇಪ್ ಹಿಡದ ನೋಡ್ರಿ 58 ಸಿಕ್ರ ಪುಣ್ಯ. ಪೈಪಿನ ತಿಕ್ಕಾಟ ಲೆಕ್ಕಾ ಹಾಕೋ ಹೇಜನ್-ವಿಲಿಯಮ್ಸ್ ಸೂತ್ರದಾಗ ಪ್ಲಾಸ್ಟಿಕ್‌ಗೆ ಸಿ (ಒಳಮೈ ಎಷ್ಟ ನುಣುಪು ಅನ್ನೋ ಅಂಕಿ) 150 ಇಟ್ಟ ಲೆಕ್ಕಾ ಮಾಡಿದೆ, 100 ಫೂಟಿಗೆ 3.8 ಫೂಟ್ ಹೆಡ್ (ಅಂದ್ರ ಅಷ್ಟ ಎತ್ತರಕ್ಕ ನೀರ ಎತ್ತೋ ಪ್ರೆಶರ್) ತಿಂತೈತಿ, 2000ಕ್ಕ 76. ಏರು 40, ತಿಕ್ಕಾಟ 76! ಅದ ನೀರಿಗೆ 75 ಎಂಎಂ ಇದ್ದಿದ್ರ 30 ಫೂಟ್, 90 ಇದ್ದಿದ್ರ 12-13. ದೊಡ್ಡ ಮೋಟರಿಂದ ನೀರ ಡಬಲ್ ಮಾಡಾಕ ಹೋದ್ರ ತಿಕ್ಕಾಟ ಮೂರೂವರಿ ಪಟ್ಟ ದಾಟತೈತಿ, ಕರೆಂಟ್ ಎಲ್ಲಾ ಪೈಪಿಗೇ ಹೋಗತೈತಿ.

ಜಮಖಂಡಿ ಕಬ್ಬು:
ಯಪ್ಪಾ. ಹಂಗಾರ ಹಳೇದ ಕೀಳಬೇಕೇನ್ರೀ? ಮೂರ ಫೂಟ್ ಆಳ ಐತಿ, ಮ್ಯಾಲ ಕಬ್ಬ ಎದಿಮಟ ನಿಂತೈತಿ.

ವಿಜಯಪುರ ದ್ರಾಕ್ಷಿ:
ಕೀಳಬ್ಯಾಡ್ರಿ. ಬಾಜೂಕ ಇನ್ನೊಂದ 63 ಎಳದ ಎರಡೂ ತುದಿಗೆ ಟೀ (ಮೂರ ಬಾಯಿ ಜೋಡಣಿ) ಹಾಕ್ರಿ. ಒಂದೊಂದರಾಗ 2 ಲೀಟರ್ ಹರದ್ರ ತಿಕ್ಕಾಟ 76 ಇದ್ದದ್ದು 21ಕ್ಕ ಬರತೈತಿ, ಒಂದ 75 ಹೊಸಾದು ಹಾಕಿದ್ದಕ್ಕಿಂತ ಚಲೋ. ಖರೆ ಅಂದ್ರ ಅದು 21ಕ್ಕ ನಿಲ್ಲಂಗಿಲ್ಲ, ಭಾರ ಇಳದ ಕೂಡ್ಲೇ ಪಂಪ್ 4ಕ್ಕಿಂತ ಜಾಸ್ತಿ ಕೊಡತೈತಿ, ನಿಮಗ ಬೇಕಾಗಿದ್ದೂ ಅದ ಅಲ್ಲೇನ್ರೀ. ಆದ್ರ ಆಗ ಆಂಪಿಯರ್ ಏರತೈತಿ, ಪ್ಯಾನಲ್‌ನ್ಯಾಗ ಆಂಪಿಯರ್ ಮುಳ್ಳ ನೋಡಕೋಂತ ನಿಂದರ್ರಿ, ನಾ ನೋಡದ ಮನಿಗೆ ಬಂದ ಮೋಟರಿನ ಒಂದ ವೈಂಡಿಂಗ್ (ಒಳಗಿನ ತಂತಿ ಸುರುಳಿ) ಸುಟ್ಟೀನಿ. ಲೈನ್ ನಡುವ ದಿಬ್ಬ ಇದ್ರ ಗಾಳಿ ಹೊರಗ ಬಿಡೋ ಏರ್ ವಾಲ್ವ್ ಮರೀಬ್ಯಾಡ್ರಿ, ಗಾಳಿ ಕುಂತ್ರ ಈ ಲೆಕ್ಕಾ ಯಾವುದೂ ಹತ್ತಂಗಿಲ್ಲ.

ಜಮಖಂಡಿ ಕಬ್ಬು:
ದಿಬ್ಬ ಐತ್ರೀ, ಬೇವಿನ ಗಿಡದ ಹತ್ರ, ವಾಲ್ವ್ ಇಲ್ಲ. ನಾಳೆ ಅದನ್ನ ಮೊದಲ ಹಾಕ್ತೀನಿ, ಇನ್ನೊಂದ ಲೈನ್ ಕಬ್ಬ ಕಟಾವ್ ಆದಮ್ಯಾಲ.